ಪರನಾಡಿನ ಆಸ್ಪತ್ರೆಯ ಬಾಗಿಲಲ್ಲಿ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ತೆಂಗು, ರಾಗಿಗಳನ್ನು ನೆಚ್ಚಿಕೊಂಡ ಹೋಬಳಿ. ಒಂದು ಕಾಲಕ್ಕೆ ಇಂಥ ಊರಿನವರ ದೂರದ ಪಯಣವೆಂದರೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಬರುವುದಷ್ಟೇ ಆಗಿತ್ತು. ಈಗ ಹಾಗಿಲ್ಲ. ಓದಿದ ಹುಡುಗ ಡಬ್ಲಿನ್ನಿನಲ್ಲಿ ಇಂಜಿನಿಯರನಾಗುತ್ತಾನೆ. ಮದುವೆಯಾದ ಹುಡುಗಿ ಅವನ ಹಿಂದೆ ವಿಮಾನ ಹತ್ತುತ್ತಾಳೆ, ಇಲ್ಲವೆ ತನ್ನದೇ ಉದ್ಯೋಗಕ್ಕಾಗಿ ದುಬೈಗೋ ಡಲ್ಲಾಸಿಗೋ ತಾನೇ ಮೊದಲು ಹೊರಡುತ್ತಾಳೆ.

ಹೊರಡುವ ಮಗಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲವನ್ನೂ ಅಡಕಿ ತುಂಬುವ ತಾಯಿ ಒಂದು ಮಾತನ್ನು ಮಾತ್ರ ಆಡುವುದಿಲ್ಲ. ಆ ದೇಶದಲ್ಲಿ ಬಸಿರಾದರೆ ಯಾರನ್ನು ಕಾಣಬೇಕು, ಬಸಿರು ಬೇಡವೆನಿಸಿದರೆ ಯಾವ ಔಷಧಿ ಎಲ್ಲಿ ದೊರೆಯುತ್ತದೆ, ಬಸಿರು ಕೆಟ್ಟರೆ ಅಲ್ಲಿಯ ವೈದ್ಯರ ಕೈಯನ್ನು ಯಾವ ಕಾನೂನು ಕಟ್ಟಿಹಾಕಿದೆ, ಇವು ನಮ್ಮ ಮನೆಗಳಲ್ಲಿ ಪಿಸುಮಾತಿನ ವಿಷಯಗಳು. ವೀಸಾ ಕೊಡುವ ಕಚೇರಿಯೂ ಇವನ್ನು ಹೇಳುವುದಿಲ್ಲ. ಆದರೆ ಈ ಅಜ್ಞಾನಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಬಹುದು; ಎಲ್ಲವನ್ನೂ ಬಲ್ಲ ಹೆಣ್ಣಿಗೂ ಕಾನೂನು ಅಡ್ಡ ನಿಲ್ಲಬಹುದು. ಅದಕ್ಕೆ ಸಾಕ್ಷಿಯಾಗಿ ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಹೆಸರು ಇಂದು ಜಗತ್ತಿನ ವೈದ್ಯಕೀಯ ಇತಿಹಾಸದಲ್ಲಿ ಉಳಿದಿದೆ.

ಬೆಳಗಾವಿಯಿಂದ ಗಾಲ್ವೆಗೆ

ಸವಿತಾ ಹಾಲಪ್ಪನವರ ಬೆಳಗಾವಿಯವರು. ದಂತವೈದ್ಯೆ. ಪತಿ ಪ್ರವೀಣ ಹಾಲಪ್ಪನವರ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೆ ನಗರದಲ್ಲಿ ಇಂಜಿನಿಯರ್ ಆಗಿದ್ದರು. ಸವಿತಾ ಅಲ್ಲಿಯ ಭಾರತೀಯರ ಹಬ್ಬಹರಿದಿನಗಳಲ್ಲಿ ಉತ್ಸಾಹದಿಂದ ಪಾಲ್ಗೊಳ್ಳುತ್ತಿದ್ದರು. 2012ರಲ್ಲಿ ಅವರು ಚೊಚ್ಚಲ ಗರ್ಭಿಣಿ. ಮಗಳನ್ನು ನೋಡಲೆಂದು ತಂದೆತಾಯಿಯೂ ಬೆಳಗಾವಿಯಿಂದ ಬಂದಿದ್ದರು. ಮನೆಯಲ್ಲಿ ಸಂತೋಷಕ್ಕೆ ಕೊರತೆಯಿರಲಿಲ್ಲ.

ಅಕ್ಟೋಬರ್ 21, ಭಾನುವಾರ. ಹದಿನೇಳು ವಾರದ ಗರ್ಭಿಣಿಗೆ ಬೆನ್ನುನೋವು ಕಾಣಿಸಿತು. ಗಾಲ್ವೆಯ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಪರೀಕ್ಷಿಸಿ ಮನೆಗೆ ಕಳುಹಿಸಿದರು. ನೋವು ಹೆಚ್ಚಿ ಅದೇ ದಿನ ಮರಳಿ ಬಂದಾಗ ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ತಿಳಿದುಹೋಯಿತು. ಆ ರಾತ್ರಿ ಕಳೆಯುವ ಮುನ್ನವೇ ನೆತ್ತಿನೀರು ಒಡೆಯಿತು. ಮಗುವಿಗೆ ಬದುಕುವ ದಾರಿ ಇರಲಿಲ್ಲ; ಆದರೆ ಹೃದಯ ಇನ್ನೂ ಮಿಡಿಯುತ್ತಿತ್ತು.

ನೀರು ಒಡೆದ ಮೇಲೆ ಗರ್ಭಕೋಶ ಸೋಂಕಿಗೆ ತೆರೆದ ಬಾಗಿಲು. ಹೊತ್ತು ಕಳೆದಷ್ಟೂ ಅಪಾಯ ಹೆಚ್ಚು. ಉಳಿಯದ ಗರ್ಭವನ್ನು ಬೇಗನೆ ತೆಗೆದುಬಿಡಿ ಎಂದು ದಂಪತಿಗಳು ಕೇಳಿಕೊಂಡರು. ಹೃದಯದ ಮಿಡಿತ ಇರುವವರೆಗೆ, ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯ ಕಾಣುವವರೆಗೆ ಕಾನೂನು ಅವಕಾಶ ಕೊಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶವೆಂಬ ಮಾತೂ ಆ ವಾರ್ಡಿನಲ್ಲಿ ಬಂದಿತ್ತು. ಪರಿಸ್ಥಿತಿಯನ್ನು ವಿವರಿಸಲು ಹಾಗೆ ಹೇಳಿದ್ದು ನಿಜವೆಂದು ಸೂಲಗಿತ್ತಿ ನರ್ಸೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಮಗಳ ಸ್ಥಿತಿ ಇಷ್ಟು ಗಂಭೀರವಾಗುವುದೆಂಬ ಸುಳಿವಿಲ್ಲದ ತಂದೆತಾಯಿ ಅದೇ ದಿನಗಳಲ್ಲಿ ಭಾರತಕ್ಕೆ ಹೊರಟಿದ್ದರು.

ಬುಧವಾರ ಬೆಳಗಿನ ಹೊತ್ತಿಗೆ ಜ್ವರ, ಚಳಿ, ಓಡುವ ನಾಡಿ. ರಕ್ತಕ್ಕೆ ನಂಜೇರಿತ್ತು. ಆ ಮಧ್ಯಾಹ್ನ ಗರ್ಭ ತಾನಾಗಿಯೇ ಹೊರಬಂತು. ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಒಂದೊಂದೇ ಅಂಗ ಸೋಲುತ್ತ ಬಂದು ಅಕ್ಟೋಬರ್ 28ರ ಮೊದಲ ಜಾವದಲ್ಲಿ ಸವಿತಾ ಕೊನೆಯುಸಿರೆಳೆದರು. ಆಗ ಅವರಿಗೆ 31 ವರ್ಷ.

ತಪ್ಪು ಯಾರದು?

2013ರ ಏಪ್ರಿಲಿನಲ್ಲಿ ಮರಣ ವಿಚಾರಣೆಯ ಜ್ಯೂರಿ ಇದನ್ನು ವೈದ್ಯಕೀಯ ಅವಘಡವೆಂದು ಒಮ್ಮತದಿಂದ ತೀರ್ಮಾನಿಸಿತು. ಮೊದಲ ದಿನ ತೆಗೆದ ರಕ್ತದಲ್ಲಿ ಬಿಳಿಯ ಕಣಗಳು ಏರಿದ್ದರೂ ಆ ವರದಿಯ ಬೆನ್ನು ಹತ್ತಿದವರಿರಲಿಲ್ಲ. ನಾಡಿ, ಜ್ವರಗಳನ್ನು ನಿಯಮದ ಹೊತ್ತಿಗೆ ನೋಡಿರಲಿಲ್ಲ. ಅದೇ ವರ್ಷ ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ತನ್ನ ವರದಿಯಲ್ಲಿ, ಕೈ ಹಾಕಬಹುದಾಗಿದ್ದೂ ಹಾಕದೆ ಬಿಟ್ಟ ಹದಿಮೂರು ಅವಕಾಶಗಳನ್ನು ಎಣಿಸಿ ಹೇಳಿತು.

ಆದರೆ ಆರೈಕೆಯ ಲೋಪವೊಂದೇ ಕಾರಣವಲ್ಲ. ವಿಚಾರಣೆಯಲ್ಲಿ ಸಾಕ್ಷ್ಯ ನುಡಿದ ಡಬ್ಲಿನ್ನಿನ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಗಂಟನ್ನು ಬಿಚ್ಚಿ ತೋರಿಸಿದರು. ಸೋಮವಾರವೋ ಮಂಗಳವಾರವೋ ಗರ್ಭವನ್ನು ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕಿರುತ್ತಿದ್ದರು. ಆದರೆ ಆ ದಿನ ಆಕೆಯ ಪ್ರಾಣ ಅಪಾಯದಲ್ಲಿರಲಿಲ್ಲವಾದ್ದರಿಂದ ಕಾನೂನು ಅದನ್ನು ಒಪ್ಪುತ್ತಿರಲಿಲ್ಲ. ಪ್ರಾಣ ಅಪಾಯಕ್ಕೆ ಸಿಕ್ಕಿ ಕಾನೂನು ಒಪ್ಪುವ ಹೊತ್ತಿಗೆ ಕಾಲ ಮಿಂಚಿತ್ತು. ಮನೆಗೆ ಬೆಂಕಿ ಹತ್ತಿದ್ದು ಕಾಣುವವರೆಗೆ ಬಾವಿಯಿಂದ ನೀರು ಸೇದಕೂಡದೆಂದು ಕಟ್ಟಳೆ ಮಾಡಿದಂತೆ!

ಇಬ್ಬರು ಹೆಂಗಸರು, ಎರಡು ನಾಡುಗಳು

ಇಂಥ ಕಟ್ಟಳೆ ಎಲ್ಲಿಂದ ಬಂತು? ಸ್ವತಂತ್ರವಾದ ಹೊಸತರಲ್ಲಿ ಐರ್ಲೆಂಡ್ ತನ್ನ ಧರ್ಮಪೀಠದ ಮಾತಿಗೆ ತಲೆಬಾಗಿ ನಡೆಯಿತು. 1929ರ ಶಾಸನವೊಂದು ಸಂತಾನ ನಿಯಂತ್ರಣವನ್ನು ಪ್ರತಿಪಾದಿಸುವ ಪುಸ್ತಕಗಳನ್ನೇ ನಿಷೇಧಿಸಿತು. 1935ರ ಮತ್ತೊಂದು ಶಾಸನ ಗರ್ಭನಿರೋಧಕ ಸಾಧನಗಳ ಮಾರಾಟವನ್ನೂ ಮಾರಾಟಕ್ಕಾಗಿ ತರಿಸುವುದನ್ನೂ ಅಪರಾಧವೆಂದು ಸಾರಿತು.

ಇದೇ ಕಾಲದಲ್ಲಿ ಕಣಕಟ್ಟೆ ಯಾವ ಆಳ್ವಿಕೆಯಲ್ಲಿತ್ತು? ಮೈಸೂರು ಸಂಸ್ಥಾನದ ಹಾಸನ ಜಿಲ್ಲೆಯಲ್ಲಿ. ಐರ್ಲೆಂಡ್ ಪುಸ್ತಕಗಳನ್ನು ನಿಷೇಧಿಸಿದ ಮರುವರ್ಷ, 1930ರ ಜೂನ್ 11ರಂದು, ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು; ಮಿರ್ಜಾ ಇಸ್ಮಾಯಿಲರು ದಿವಾನರು. ಅಮೆರಿಕೆಯಲ್ಲಿ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ, ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಮತ್ತು ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ 1921ರಲ್ಲಿ ಇಂಥ ಚಿಕಿತ್ಸಾಲಯ ತೆರೆದಿದ್ದರೂ ಅವೆಲ್ಲ ಖಾಸಗಿ ಸಾಹಸಗಳು. ಸರ್ಕಾರವೊಂದು ತಾನೇ ಮುಂದೆ ನಿಂತು ಈ ಕೆಲಸಕ್ಕೆ ಕೈ ಹಾಕಿದ್ದು ಜಗತ್ತಿನಲ್ಲೇ ಹೊಸದು.

ನಗರದ ಆಸ್ಪತ್ರೆಯ ಈ ಬಾಗಿಲು ಕಣಕಟ್ಟೆಯ ಗೃಹಿಣಿಗೆ ಆ ದಿನಗಳಲ್ಲಿ ಎಷ್ಟು ಹತ್ತಿರವಿತ್ತೆಂಬುದು ಬೇರೆ ಪ್ರಶ್ನೆ. ಆಜ್ಞೆ ಹೊರಟ ಮಾತ್ರಕ್ಕೆ ಔಷಧಿ ಹಳ್ಳಿಗೆ ಬರುವುದಿಲ್ಲ. ಆದರೂ ಅವಳ ರಾಜ್ಯದಲ್ಲಿ ಬಾಗಿಲು ತೆರೆದಿತ್ತು. ಡಬ್ಲಿನ್ನಿನ ಗೃಹಿಣಿಯ ಪಾಲಿಗೆ ಅದು ಮುಚ್ಚಿತ್ತು.

1968ರಲ್ಲಿ ಭಾರತ ಸರ್ಕಾರ ಹದಿನೈದು ಪೈಸೆಗೆ ಮೂರರಂತೆ ನಿರೋಧನ್ನು ಹಂಚತೊಡಗಿತು. ಚಹಾಪುಡಿ, ಸೋಪು ಮಾರುವ ಕಂಪನಿಗಳ ಮೂಲಕ ಅದು ಕಿರಾಣಿ ಅಂಗಡಿಗಳಿಗೂ ಬಂತು. ಅದೇ ವೇಳೆ ಐರ್ಲೆಂಡಿನಲ್ಲಿ ಅದರ ಮಾರಾಟ ಅಪರಾಧವಾಗಿತ್ತು. 1971ರ ಮೇ 22ರಂದು ಐರ್ಲೆಂಡಿನ ಕೆಲವು ಧೀರ ಮಹಿಳೆಯರು ಡಬ್ಲಿನ್ನಿನಿಂದ ರೈಲು ಹತ್ತಿ, ಬ್ರಿಟಿಷ್ ಆಡಳಿತದ ಬೆಲ್‌ಫಾಸ್ಟಿಗೆ ಹೋಗಿ ಗರ್ಭನಿರೋಧಕಗಳನ್ನು ಕೊಂಡು ತಂದರು. ವೈದ್ಯರ ಚೀಟಿಯಿಲ್ಲದೆ ಮಾತ್ರೆ ಸಿಗಲಿಲ್ಲ. ಅವರು ಹಿಂಜರಿಯದೆ ಆಸ್ಪಿರಿನ್ ಗುಳಿಗೆಗಳನ್ನು ಕೊಂಡರು! ಯಾವುದು ಯಾವ ಗುಳಿಗೆಯೆಂದು ಸುಂಕದ ಅಧಿಕಾರಿಗಳಿಗೆ ಎಲ್ಲಿ ಗೊತ್ತಾಗಬೇಕು? ಡಬ್ಲಿನ್ ನಿಲ್ದಾಣದಲ್ಲಿ ಅವರನ್ನು ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ. ಅದೇ 1971ರ ಆಗಸ್ಟಿನಲ್ಲಿ ಭಾರತದ ಸಂಸತ್ತು ವೈದ್ಯಕೀಯ ಗರ್ಭಪಾತ ಶಾಸನವನ್ನು ಅಂಗೀಕರಿಸಿತು.

ಐರ್ಲೆಂಡ್ ಬಲು ನಿಧಾನವಾಗಿ ಸಡಿಲಿತು. ಮತ್ತೊಮ್ಮೆ ಬಸಿರಾದರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಹೇಳಿದ್ದ ಮೇರಿ ಮೆಗೀ ಎಂಬ ನಾಲ್ಕು ಮಕ್ಕಳ ತಾಯಿ ಅಂಚೆಯಲ್ಲಿ ತರಿಸಿದ ಔಷಧಿಯನ್ನು ಸುಂಕದವರು ಹಿಡಿದಿಟ್ಟಿದ್ದರು. ಆಕೆ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಕೆಯ ಪರ ತೀರ್ಪಿತ್ತಿತು. 1979ರ ಶಾಸನದಂತೆ ನಿರೋಧಕ್ಕೂ ವೈದ್ಯರ ಚೀಟಿ ಬೇಕಾಗಿತ್ತು. ಚೀಟಿಯಿಲ್ಲದೆ ವಯಸ್ಕರು ಅದನ್ನು ಕೊಳ್ಳಬಹುದಾದದ್ದು 1985ರಲ್ಲಿ.

ಗರ್ಭಪಾತದ ವಿಷಯದಲ್ಲಿ ಮಾತ್ರ ಗಂಟು ಇನ್ನೂ ಬಿಗಿಯಿತು. 1983ರ ಜನಮತ ಗಣನೆಯಿಂದ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ಸೇರಿ, ತಾಯಿಯ ಪ್ರಾಣಕ್ಕೂ ಗರ್ಭಸ್ಥ ಜೀವಕ್ಕೂ ಸಮನಾದ ಹಕ್ಕು ದೊರೆಯಿತು. ಸವಿತಾ ಮಲಗಿದ್ದ ಹಾಸಿಗೆಯ ಪಕ್ಕದಲ್ಲಿ ಅಡ್ಡ ನಿಂತದ್ದು ಇದೇ ತಿದ್ದುಪಡಿ.

ಐರ್ಲೆಂಡಿನ ಹೆಂಗಸರಿಗೆ ಇಂಗ್ಲೆಂಡಿನ ಹಡಗೋ ವಿಮಾನವೋ ಇತ್ತು. 1980ರಿಂದ 2016ರವರೆಗೆ ಐರ್ಲೆಂಡಿನ ವಿಳಾಸ ಕೊಟ್ಟು ಹೊರನಾಡಿನಲ್ಲಿ ಗರ್ಭಪಾತ ಮಾಡಿಸಿಕೊಂಡವರು ಸುಮಾರು 1,70,000 ಮಂದಿ. ಆದರೆ ಭಾರತದ ಪಾಸ್‌ಪೋರ್ಟಿನವಳಿಗೆ ಇಂಗ್ಲೆಂಡಿಗೆ ಹೋಗಲು ಬೇರೆಯೇ ವೀಸಾ ಬೇಕು. ನೆಲದ ಮಗಳಿಗೆ ಕದ್ದು ಹೋಗುವ ದಾರಿಯಾದರೂ ಇತ್ತು. ಪರದೇಶಿಯ ಪಾಲಿಗೆ ಅದೂ ಸುಲಭವಾಗಿರಲಿಲ್ಲ.

ಹುಬ್ಬಳ್ಳಿಯ ಹುಡುಗಿ

ಈ ಕಥೆಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರನ್ನು ಹೇಳದಿದ್ದರೆ ಲೋಪವಾದೀತು. ಧನವಂತಿ ರಾಮರಾವ್ ಕಾಶ್ಮೀರಿ ಮನೆತನದಲ್ಲಿ ಹುಟ್ಟಿದ್ದರೂ ಅವರ ಬಾಲ್ಯ ಕಳೆದದ್ದು ಹುಬ್ಬಳ್ಳಿಯಲ್ಲಿ. ಕೈಹಿಡಿದದ್ದು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಬೆನಗಲ್ ರಾಮರಾಯರನ್ನು. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರು ಇವರೇ. 1952ರಲ್ಲಿ ಸರ್ಕಾರದ ಮಟ್ಟದಲ್ಲಿ ಕುಟುಂಬ ಯೋಜನೆಯನ್ನು ಕೈಗೊಂಡ ಜಗತ್ತಿನ ಮೊದಲ ರಾಷ್ಟ್ರವೆಂಬ ಹೆಸರು ಭಾರತಕ್ಕೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಜನ್ಮ ತಾಳಿತು. ಹುಬ್ಬಳ್ಳಿಯಲ್ಲಿ ಆಡಿ ಬೆಳೆದ ಈ ಮಹಿಳೆ ಮುಂದೆ ಅದರ ಅಧ್ಯಕ್ಷ ಪೀಠವನ್ನೂ ಏರಿದರು. ಪರದೇಶಗಳಲ್ಲಿ ಇಂದಿಗೂ ಬಡವರಿಗೆ, ವಲಸೆಗಾರರಿಗೆ ನೆರವಾಗುವ ಎಷ್ಟೋ ಚಿಕಿತ್ಸಾಲಯಗಳು ಆ ಒಕ್ಕೂಟದ ಅಂಗಸಂಸ್ಥೆಗಳವು.

ಎಲ್ಲರ ಮನೆಯ ದೋಸೆಯೂ ತೂತು

ಹಾಗೆಂದು ನಾವು ಬೀಗುವಂತಿಲ್ಲ. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಡವರನ್ನು ಬಲವಂತವಾಗಿ ಎಳೆದೊಯ್ದ ಕಳಂಕ ನಮ್ಮದು. ಅಲ್ಲಿ ಬೇಡವೆಂದವಳ ಮಾತು ನಡೆಯಲಿಲ್ಲ; ಇಲ್ಲಿ ಬೇಡವೆಂದವನ ಮಾತೂ ನಡೆಯಲಿಲ್ಲ. ಎರಡೂ ಕಡೆ ಸೋತದ್ದು ಮನುಷ್ಯನ ಒಪ್ಪಿಗೆ. ಇಂದಿಗೂ ಕರ್ನಾಟಕದಲ್ಲಿ ಕುಟುಂಬ ಯೋಜನೆಯ ಭಾರವನ್ನು ಹೊತ್ತವರು ಹೆಂಗಸರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಇಲ್ಲವೆನ್ನುವಷ್ಟು ಕಡಿಮೆ.

ಆದರೂ ಹಳ್ಳಿಯ ಹೆಣ್ಣಿಗೆ ಇಂದು ದಾರಿಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ, ವಂಕಿ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಉಚಿತ. ಲಖ್ನೋದ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪುಗೊಂಡ ಹಾರ್ಮೋನಿಲ್ಲದ ಗುಳಿಗೆ ಛಾಯಾ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಸಾಮಗ್ರಿ ತರುವ ವ್ಯವಸ್ಥೆಯೂ ಇದೆ. 2021ರ ತಿದ್ದುಪಡಿಯಾದ ಶಾಸನದಂತೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ, ಕೆಲವು ಸಂದರ್ಭಗಳಲ್ಲಿ ಇಪ್ಪತ್ತನಾಲ್ಕು ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಬಹುದು; ತಾಯಿಯ ಪ್ರಾಣ ಉಳಿಸಲು ಒಡನೆ ಬೇಕಾದರೆ ವಾರದ ಮಿತಿಯೇ ಇಲ್ಲ. ಈ ಹಕ್ಕಿನಲ್ಲಿ ಅವಿವಾಹಿತೆಯನ್ನು ಬೇರೆ ಮಾಡಕೂಡದೆಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹದಿನೇಳು ವಾರದಲ್ಲಿ ನೀರೊಡೆದ ಸವಿತಾ ತಮ್ಮ ಬೆಳಗಾವಿಯಲ್ಲೇ ಇದ್ದಿದ್ದರೆ ಅವರ ವೈದ್ಯರು ಕಾನೂನಿಗೆ ಅಂಜಿ ಕಾಯಬೇಕಾಗಿರಲಿಲ್ಲ.

ಒಂದು ಸಾವು ತಿರುಗಿಸಿದ ನಾಡು

2012ರ ನವೆಂಬರಿನಲ್ಲಿ ಸುದ್ದಿ ಪತ್ರಿಕೆಗೆ ಬಂದಾಗ ಐರ್ಲೆಂಡಿನ ಬೀದಿಗಳಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತರು. ಮರುವರ್ಷವೇ ತಾಯಿಯ ಪ್ರಾಣಾಪಾಯದ ಸಂದರ್ಭಕ್ಕೆ ಸೀಮಿತವಾದ ಶಾಸನವೊಂದು ಬಂತು. ಅದು ಸಾಲದೆಂದು ಜನ ಹೋರಾಡಿದರು. 2018ರ ಮೇ 25ರ ಜನಮತ ಗಣನೆಗೆ ಮುನ್ನ, ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಿರೆಂದು ತಂದೆ ಅಂದಾನಪ್ಪ ಯಾಳಗಿಯವರು ಬೆಳಗಾವಿಯಿಂದ ಐರಿಷ್ ಮತದಾರರಿಗೆ ಮನವಿ ಮಾಡಿದರು. ನೂರಕ್ಕೆ 66.4ರಷ್ಟು ಮತಗಳು ಅದರಂತೆಯೇ ಬಿದ್ದವು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾರ ಚಿತ್ರದ ಸುತ್ತ ಜನ ಕ್ಷಮೆ ಕೋರುವ, ಕೃತಜ್ಞತೆ ಹೇಳುವ ಚೀಟಿಗಳನ್ನು ಅಂಟಿಸಿದರು. ಹೊಸ ಶಾಸನಕ್ಕೆ ಮಗಳ ಹೆಸರಿಡಬೇಕೆಂದು ತಂದೆ ಕೋರಿದ್ದರು. ಆ ಹೆಸರು ಕಾಗದದ ಮೇಲೆ ಬರಲಿಲ್ಲ.

2019ರ ಜನವರಿ 1ರಿಂದ ಐರ್ಲೆಂಡಿನಲ್ಲಿ ಹನ್ನೆರಡು ವಾರದವರೆಗೆ ಕಾರಣ ಕೇಳದೆಯೂ, ಆಮೇಲೆ ತಾಯಿಯ ಪ್ರಾಣಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯವಿದ್ದಾಗಲೂ ಗರ್ಭಪಾತ ಕಾನೂನುಬದ್ಧ. 2022ರಿಂದ ತರುಣಿಯರಿಗೆ ಗರ್ಭನಿರೋಧಕಗಳು ಉಚಿತವಾದವು. ಆ ವಯೋಮಿತಿ ಬರಬರುತ್ತ 35ರವರೆಗೆ ಏರಿತು. ಒಂದು ಕಾಲಕ್ಕೆ ಪುಸ್ತಕವನ್ನೂ ನಿಷೇಧಿಸಿದ್ದ ನಾಡು ಅದು!

ಹೊರಡುವ ಮುನ್ನ

ಒಂದು ನಾಡು ತಿದ್ದಿಕೊಂಡಿತೆಂದರೆ ಎಲ್ಲ ನಾಡುಗಳೂ ತಿದ್ದಿಕೊಂಡಂತಲ್ಲ. ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಕೊಟ್ಟ ಗರ್ಭಪಾತದ ಹಕ್ಕನ್ನು 2022ರ ಜೂನ್ 24ರಂದು ಹಿಂದಕ್ಕೆ ಪಡೆಯಿತು. ಅಲ್ಲಿಂದೀಚೆಗೆ ರಾಜ್ಯಕ್ಕೊಂದು ಕಾನೂನು. ನ್ಯೂಯಾರ್ಕಿನಲ್ಲಿ ನಡೆಯುವುದು ಟೆಕ್ಸಾಸಿನಲ್ಲಿ ನಡೆಯದು. ಆದರೆ ಗರ್ಭನಿರೋಧಕ ಮಾತ್ರೆಯೊಂದು ಅದೇ ಅಮೆರಿಕೆಯಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಕುಟುಂಬ ಯೋಜನೆಗೂ ಲೈಂಗಿಕ ಸೋಂಕುಗಳ ತಪಾಸಣೆ, ಚಿಕಿತ್ಸೆಗಳಿಗೂ ಹೊರದೇಶದ ಸಂದರ್ಶಕರಿಂದ ಹಣ ಪಡೆಯುವುದಿಲ್ಲ. ಗರ್ಭಪಾತಕ್ಕೆ ಮಾತ್ರ ಸಂದರ್ಶಕರು ಹಣ ತೆರಬೇಕಾಗಬಹುದು. ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಗರ್ಭಿಣಿಯನ್ನು ಮದುವೆಯ ಪ್ರಮಾಣಪತ್ರ ಕೇಳುವ ಪದ್ಧತಿಯುಂಟು. ಆದ್ದರಿಂದ ಹೊರಡುವ ಮುನ್ನವೇ ಆ ನಾಡಿನ, ಅಗತ್ಯವಾದರೆ ಆ ರಾಜ್ಯದ, ಕಾನೂನನ್ನು ವಿಚಾರಿಸಿಕೊಳ್ಳುವುದು ಮೇಲು.

ಜೊತೆಗೆ ಒಯ್ಯಬೇಕಾದ ಕಾಗದಪತ್ರಗಳೂ ಇವೆ. ಮಾತ್ರೆ ಸೇವಿಸುವವರು ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆಸಿಕೊಳ್ಳಬೇಕು. ಮಾಲಾ–ಎನ್ ಎಂದರೆ ಅಲ್ಲಿಯ ಔಷಧಾಲಯದವನಿಗೆ ತಿಳಿಯದು. ಲೆವೊನೊರ್ಜೆಸ್ಟ್ರೆಲ್, ಇಥಿನೈಲ್ ಈಸ್ಟ್ರಡಿಯಾಲ್ ಎಂದರೆ ತಿಳಿದೀತು. ರಕ್ತದ ಗುಂಪಿನ ಚೀಟಿ ಬೇಕೇ ಬೇಕು. ಗುಂಪು ನೆಗೆಟಿವ್ ಆದವಳಿಗೆ ಗರ್ಭಸ್ರಾವದ ನಂತರ ಚುಚ್ಚುಮದ್ದು ಅವಶ್ಯವಾಗಬಹುದು. ಪ್ರಯಾಣದ ವಿಮೆ ಬಸಿರಿನ ವೆಚ್ಚವನ್ನು ಒಳಗೊಂಡಿದೆಯೆ ಎಂದು ಓದಿ ನೋಡಬೇಕು. ಎಷ್ಟೋ ವಿಮೆಗಳಲ್ಲಿ ಅದು ಇರುವುದಿಲ್ಲ. ಎಚ್ಚರ ತಪ್ಪಿದಾಗ ಸೇವಿಸುವ ತುರ್ತು ಮಾತ್ರೆ ಸಾಮಾನ್ಯವಾಗಿ 72 ಗಂಟೆಗಳ ಒಳಗೆ ಫಲಕಾರಿ. ತಡವಾದಷ್ಟೂ ಫಲ ಕಡಿಮೆ. ಹೊಸ ಊರಿನಲ್ಲಿ ಆ ಅಂಗಡಿ ಎಲ್ಲಿದೆಯೆಂದು ಹುಡುಕುವುದಕ್ಕೆ ಅದು ತಕ್ಕ ಹೊತ್ತಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಗರ್ಭಿಣಿಗೆ ನೀರೊಡೆದ ಮೇಲೆ ಜ್ವರ, ನಡುಕ, ವೇಗವಾದ ನಾಡಿ, ದುರ್ವಾಸನೆಯ ಸ್ರಾವ ಇವುಗಳಲ್ಲಿ ಒಂದು ಕಂಡರೂ ಗಂಟೆ ಎಣಿಸುತ್ತ ಕೂರಬಾರದು. ಸೋಂಕು ತಗುಲಿದೆಯೆ, ರಕ್ತಪರೀಕ್ಷೆಯ ಫಲವೇನು, ಕಾಯುವುದರಿಂದ ತಾಯಿಗೆ ಏನು ಅಪಾಯ ಎಂದು ಬಾಯಿಬಿಟ್ಟು ಕೇಳಬೇಕು. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ವೈದ್ಯರನ್ನು ಕರೆಸಿರೆಂದು ಒತ್ತಾಯಿಸಬೇಕು. ಭಾಷೆ ತೊಡಕಾದರೆ ದುಭಾಷಿಯನ್ನು ಕೇಳಲು ಸಂಕೋಚ ಬೇಡ. ದೊಡ್ಡ ಡಾಕ್ಟರರ ಎದುರು ಮಾತೆತ್ತಬಾರದೆಂಬ ನಮ್ಮ ವಿನಯ ಊರಿನಲ್ಲಿಯೂ ಒಳ್ಳೆಯದಲ್ಲ, ಪರನಾಡಿನಲ್ಲಂತೂ ಅಲ್ಲವೇ ಅಲ್ಲ.

ಸವಿತಾ ಸುಶಿಕ್ಷಿತೆ, ಸ್ವತಃ ವೈದ್ಯವೃತ್ತಿಯವರು, ಇಂಗ್ಲಿಷ್ ಬಲ್ಲವರು. ತಮಗೆ ಏನು ಬೇಕೆಂದು ಸ್ಪಷ್ಟವಾಗಿ ಕೇಳಿದ್ದರು. ಹಾಗೆ ಕೇಳಿದವರಿಗೂ ದೊರೆಯಲಿಲ್ಲವೆಂಬುದು ಆ ನಾಡಿನ ಕಾನೂನಿನ ದೋಷವಾಗಿತ್ತು. ಆ ನಾಡು ಅದನ್ನು ತಿದ್ದಿಕೊಂಡಿತು. ಕೇಳುವುದನ್ನೇ ಕಲಿಸದೆ ಮಗಳನ್ನು ಕಳುಹಿಸಿದರೆ ಅದು ತವರಿನ ದೋಷ. ಉಪ್ಪಿನಕಾಯಿಯ ಭರಣಿಯನ್ನು ಪೆಟ್ಟಿಗೆಗೆ ಇಡುವಾಗಲೇ ಆ ಮಾತನ್ನೂ ಆಡಿಬಿಡುವುದಕ್ಕೆ ತಾಯಿಗೆ ತಗಲುವುದು ಕಾಲು ಗಂಟೆ.